ಪ್ರಶ್ನಾವಳಿ ಅಚ್ಚಾಗುವ ಮೊದಲು ಬನ್ನಿ: ನಮ್ಮ ಮೂರು ಜಿಲ್ಲೆಗಳ ಆರೋಗ್ಯ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವೈದ್ಯಕೀಯ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯ ಸಂಶೋಧನೆ ಮಾಡುವ ಎಲ್ಲರಿಗೂ, ಸಂಶೋಧನೆ ನ್ಯಾಯವಾಗಿ ನಡೆಯುತ್ತದೆಯೇ ಅಂತ ನೋಡಿ ಒಪ್ಪಿಗೆ ಕೊಡುವ ಅಲ್ಲಿನ ಎಥಿಕ್ಸ್ ಕಮಿಟಿಗಳ ಸದಸ್ಯರಿಗೂ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟವೊಂದರಲ್ಲಿ ಕೆಲಸ ಮಾಡುತ್ತೇನೆ. ಉಳಿತಾಯ, ಸಾಲ, ವಾರದ ಸಭೆ, ಠರಾವು ಬರೆಯೋದು ನಮ್ಮ ನಿತ್ಯದ ಕೆಲಸ. ಅದರ ಜೊತೆಗೆ ಒಂದಲ್ಲ ಒಂದು ಆರೋಗ್ಯ ಸಮೀಕ್ಷೆಯೂ ನಮ್ಮ ಊರುಗಳಿಗೆ ಬರುತ್ತಿರುತ್ತದೆ. ಬಂದವರಿಗೆ ಮನೆ ತೋರಿಸುವವರು ನಾವೇ. ಬಸುರಿಯರ ಪಟ್ಟಿ ಕೊಡುವವರು ನಮ್ಮ ಆಶಾ ಅಕ್ಕಂದಿರು. ಆದರೆ ಯಾವ ವಿಷಯದ ಮೇಲೆ ಸಂಶೋಧನೆ ಆಗಬೇಕು ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ. ಅನುದಾನಕ್ಕೆ ಅರ್ಜಿ ಬರೆಯುವ ಮೊದಲೇ ನಮ್ಮ ಜೊತೆ ಕೂತು ಮಾತಾಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಸಂಶೋಧನೆ ಬೇಡ ಅನ್ನುವವಳಲ್ಲ ನಾನು. ಸಂಶೋಧನೆಯಿಂದ ಹೆಣ್ಣುಮಕ್ಕಳ ಜೀವ ಉಳಿದದ್ದಕ್ಕೆ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯೇ ಸಾಕ್ಷಿ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಬೇಕು. ಮುದುಡದಿದ್ದರೆ ರಕ್ತ ನಿಲ್ಲುವುದಿಲ್ಲ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ತಣ್ಣಗೆ ಇಡಬೇಕು, ಚುಚ್ಚಲು ಕಲಿತವರು ಬೇಕು. ಇಪ್ಪತ್ತು ವರ್ಷದ ಹಿಂದೆ ನಮ್ಮ ಕಡೆ ಮನೆಯಲ್ಲೇ ಎಷ್ಟೋ ಹೆರಿಗೆ ಆಗುತ್ತಿದ್ದವು. ಅಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಆಗ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಅನ್ನುವ ಗುಳಿಗೆಯನ್ನು ಪರೀಕ್ಷಿಸಿದರು. ಅದು ಬಾಯಲ್ಲಿ ಹಾಕಿಕೊಳ್ಳುವ ಗುಳಿಗೆ, ಫ್ರಿಜ್ ಬೇಡ. 2002ರಿಂದ 2005ರವರೆಗೆ ಹಳ್ಳಿಗಳಲ್ಲಿ 1,620 ತಾಯಂದಿರು ಇದರಲ್ಲಿ ಭಾಗವಹಿಸಿದರು. ಅರ್ಧದಷ್ಟು ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಔಷಧಿ ಇಲ್ಲದ ಗುಳಿಗೆ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬರನ್ನು ಅತಿ ರಕ್ತಸ್ರಾವದಿಂದ ತಪ್ಪಿಸಬಹುದು ಅಂತ ಲೆಕ್ಕ ಸಿಕ್ಕಿತು. 2006ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯುವುದಕ್ಕೂ ಈ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈ ಕೆಲಸ ಕೈಯಾರೆ ಮಾಡಿದವರು ಯಾರು? 25 ಮಂದಿ ಹಳ್ಳಿಯ ನರ್ಸಮ್ಮಂದಿರು, ಅಂದರೆ ಎಎನ್‌ಎಂ ಸಿಸ್ಟರ್‌ಗಳು. ಹೆರಿಗೆ ಮಾಡಿಸಿದವರೂ ಅವರೇ, ಗುಳಿಗೆ ಕೊಟ್ಟವರೂ ಅವರೇ. ತಾಯಿಯ ಕೆಳಗೆ ಗುರುತು ಹಾಕಿದ ಪ್ಲಾಸ್ಟಿಕ್ ಹಾಳೆ ಹಾಸಿ, ಎಷ್ಟು ರಕ್ತ ಹೋಯಿತು ಅಂತ ಅಳೆದವರೂ ಅವರೇ. ನಮ್ಮ ಸಂಘದ ಸಭೆಯಲ್ಲಿ ಈ ಕಥೆ ಹೇಳಿದಾಗ ಹಿರಿಯ ಸದಸ್ಯೆಯೊಬ್ಬರು ಕೇಳಿದರು: "ನಮ್ ಕಡೀ ಹೆಣ್ಮಕ್ಕಳಿಂದ ಲೋಕಕ್ಕೆಲ್ಲ ಗೊತ್ತಾತೇನ್ರೀ ಇದು?" ಹೌದು, ಗೊತ್ತಾಯಿತು. ಆ ಸಭೆಯಲ್ಲಿ ಎಲ್ಲರ ಮುಖದಲ್ಲೂ ಹೆಮ್ಮೆ ಇತ್ತು.

ಅಲ್ಲಿಂದ ಮುಂದೆಯೂ ಬೆಳಗಾವಿಯ ತಾಯಂದಿರು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಇದ್ದಾರೆ. ಚೊಚ್ಚಲ ಬಸುರಿಯರಿಗೆ ದಿನಕ್ಕೊಂದು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ದಿನ ತುಂಬುವ ಮೊದಲೇ ಹೆರಿಗೆ ಆಗೋದು ಕಡಿಮೆಯಾಗುತ್ತದೆ ಅಂತ 2020ರಲ್ಲಿ ತಿಳಿಯಿತು. ಆರು ದೇಶಗಳ ಆ ಅಧ್ಯಯನಕ್ಕೆ ಬೆಳಗಾವಿಯೂ ಒಂದು ಕೇಂದ್ರ. ಹೆರಿಗೆ ನೋವಿನ ಹೊತ್ತಿನಲ್ಲಿ ಒಂದೇ ಬಾರಿ ಅಜಿಥ್ರೊಮೈಸಿನ್ ಕೊಟ್ಟರೆ ತಾಯಿಗೆ ನಂಜಾಗುವ ಅಪಾಯ ಇಳಿಯುತ್ತದೆ ಅಂತ 2023ರಲ್ಲಿ ಗೊತ್ತಾಯಿತು. ಅದರಲ್ಲೂ ಬೆಳಗಾವಿ ಇತ್ತು. ಇಷ್ಟೆಲ್ಲಾ ಕೊಟ್ಟ ನೆಲದಲ್ಲಿ ನಿಂತು ಕೇಳುತ್ತಿದ್ದೇನೆ. ಇಲ್ಲಿನ ಹೆಣ್ಣುಮಕ್ಕಳು ಉತ್ತರ ಕೊಡುವುದಕ್ಕೆ ಮಾತ್ರ ಯಾಕೆ ಇರಬೇಕು? ಪ್ರಶ್ನೆ ಕೇಳುವ ಕಡೆಯೂ ಅವರು ಕೂರಬಹುದು ಅಲ್ವಾ?

ಕೂತರೆ ಏನು ಬದಲಾಗುತ್ತದೆ ಅಂತ ರಕ್ತಹೀನತೆಯ ಉದಾಹರಣೆಯಿಂದಲೇ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಜನರಿಗೆ ರಕ್ತ ಕಡಿಮೆ. ನಮ್ಮೂರಿಗೆ ಬರುವ ಫಾರಂಗಳಲ್ಲಿ "ಕಬ್ಬಿಣಾಂಶದ ಗುಳಿಗೆ ತೆಗೆದುಕೊಂಡಿರಾ? ಹೌದು, ಇಲ್ಲ" ಅಂತ ಇರುತ್ತದೆ. ಹೌದು ಅಂದವರು ಯಾವುದರ ಜೊತೆ ನುಂಗಿದರು? ಅದನ್ನು ಯಾರೂ ಕೇಳುವುದಿಲ್ಲ. ನಸುಕಿನಲ್ಲಿ ಎದ್ದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹೆಣ್ಣುಮಗಳು ಚಹಾದ ಜೊತೆಗೆ ಗುಳಿಗೆ ನುಂಗಿ ಹೊರಡುತ್ತಾಳೆ. ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಇದು ನಿಮಗೆ ಚೆನ್ನಾಗಿ ಗೊತ್ತು. ಅವಳು ಚಹಾದ ಜೊತೆಗೇ ನುಂಗುತ್ತಾಳೆ ಅನ್ನುವುದು ನಮಗೆ ಗೊತ್ತು. ಈ ಎರಡು ತಿಳಿವಳಿಕೆ ಒಂದೇ ಮೇಜಿನ ಮೇಲೆ ಬಂದಿದ್ದರೆ ಆ ಫಾರಂನಲ್ಲಿ ಇನ್ನೊಂದು ಸಾಲು ಇರುತ್ತಿತ್ತು. ಮಲ ಕಪ್ಪಾಯಿತು ಅಂತ ಹೆದರಿ ಬಿಟ್ಟವರಿದ್ದಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡವರಿದ್ದಾರೆ. ಗಂಡ, ಮಕ್ಕಳು ಉಂಡ ಮೇಲೆ ಉಳಿದದ್ದನ್ನು ಉಣ್ಣುವವರಿದ್ದಾರೆ. ಇವರನ್ನೆಲ್ಲ "ಗುಳಿಗೆ ಸರಿಯಾಗಿ ತೆಗೆದುಕೊಳ್ಳದವರು" ಅಂತ ಒಂದೇ ಖಾನೆಗೆ ಹಾಕಿದರೆ ಏನು ತಿಳಿದಂತಾಯಿತು?

ನಾವು ಕೇಳಬೇಕು ಅಂದುಕೊಂಡಿರುವ ಪ್ರಶ್ನೆಗಳು ಬೇರೆಯೂ ಇವೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಫ್ಯಾಕ್ಟರಿಗಳು ಶುರುವಾದರೆ ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಗ್ಯಾಂಗ್ ಸೇರುತ್ತಾರೆ. ನಮ್ಮವರು ಬೇರೆ ಕಡೆಗೆ ಹೋಗುತ್ತಾರೆ, ಮಹಾರಾಷ್ಟ್ರದ ಕಡೆಯವರು ಇಲ್ಲಿಗೆ ಬರುತ್ತಾರೆ. ಗುಡಿಸಲಲ್ಲಿ ವಾಸ, ಬಯಲಿಗೆ ಹೋಗಬೇಕು, ಮುಟ್ಟಿನ ದಿನದಲ್ಲೂ ತಲೆ ಮೇಲೆ ಕಬ್ಬಿನ ಹೊರೆ. ಆ ದಿನಗಳಲ್ಲಿ ರಜೆ ಹಾಕಿದರೆ ಜೋಡಿಯ ಕೂಲಿಯೇ ಹೋಗುತ್ತದೆ. ಬಸುರಿ ಇದ್ದರೆ ತಾಯಿ ಕಾರ್ಡ್ ಒಂದು ಊರಲ್ಲಿ, ತಪಾಸಣೆ ಇನ್ನೊಂದು ಊರಲ್ಲಿ. ಎಷ್ಟೋ ಸಲ ಎರಡೂ ಇಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಸಣ್ಣ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅದೇ ಕೆಲಸ, ಅದೇ ಹೊರೆ ನಮ್ಮ ಗದ್ದೆಗಳಲ್ಲೂ ಇದೆ. ಇಲ್ಲಿನ ಹೆಂಗಸರಿಗೆ ಏನಾಗುತ್ತಿದೆ? ಈ ಪ್ರಶ್ನೆ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಳಕಲ್ಲಿನಲ್ಲಿ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರ ಸೊಂಟ, ಮೊಣಕಾಲು, ಕಣ್ಣು. ರಬಕವಿ-ಬನಹಟ್ಟಿಯಲ್ಲಿ ದಿನವಿಡೀ ಪವರ್‌ಲೂಮ್ ಸದ್ದಿನಲ್ಲಿ ಇರುವವರ ಕಿವಿ. ನಿಪ್ಪಾಣಿಯಲ್ಲಿ ತಂಬಾಕಿನ ಧೂಳಿನಲ್ಲಿ ಕೆಲಸ ಮಾಡುವ ಹೆಂಗಸರ ಉಸಿರು. ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದ ಹಿರಿಯರ ಮನಸ್ಸು. ಇವನ್ನು ಒಂದೊಂದಾಗಿ ವಿವರಿಸಲು ಹೋಗುವುದಿಲ್ಲ. ಆಯಾ ಊರಿನವರೇ ನಿಮಗೆ ಚೆನ್ನಾಗಿ ಹೇಳುತ್ತಾರೆ.

ಜೊತೆಯಾಗಿ ಕೆಲಸ ಮಾಡೋದು ಹೊಸದೇನೂ ಅಲ್ಲ. ನಮ್ಮ ಬಾಗಲಕೋಟೆಯಲ್ಲೇ ಅದು ಆಗಿದೆ. 2000ದ ಆಸುಪಾಸಿನಲ್ಲಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಐವಿ ಜಾಸ್ತಿ ಇತ್ತು. ಆಗ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು, ಆಮೇಲೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನವರು ಇಲ್ಲಿ ಕೆಲಸ ಮಾಡಿದರು. ಮುಧೋಳ ಕಡೆ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರು ತಮ್ಮದೇ ಸಂಘ ಕಟ್ಟಿಕೊಂಡರು. ಪೊಲೀಸರ ಕಾಟ, ಮನೆಯ ಗಂಡಸಿನ ಹೊಡೆತ, ಕಾಂಡೋಮ್ ಬೇಡ ಅನ್ನುವ ಸಂಗಾತಿ, ಇವೆಲ್ಲ ರೋಗಕ್ಕೆ ಹೇಗೆ ದಾರಿ ಮಾಡುತ್ತವೆ ಅಂತ ಹೇಳಿಕೊಟ್ಟವರು ಆ ಮಹಿಳೆಯರೇ. ಮುಂದೆ ಸಂಗಾತಿಯ ಹಿಂಸೆಯನ್ನು ಕಡಿಮೆ ಮಾಡುವ ಬಗ್ಗೆಯೇ ಇಲ್ಲಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಡಾಕ್ಟರರು ಒಬ್ಬರೇ ಕೂತು ಯೋಚಿಸಿದ್ದರೆ ಕಾಂಡೋಮ್ ಹಂಚಿಕೆಯಲ್ಲೇ ಮಾತು ಮುಗಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದನ್ನೂ ನೆನಪಿಸಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಲಿ, ಬೇಗ ಮದುವೆ ಆಗದಿರಲಿ ಅಂತ "ಸಮತಾ" ಅನ್ನುವ ಕಾರ್ಯಕ್ರಮ ನಡೆಯಿತು. ಅದರ ಫಲಿತಾಂಶ 2019ರಲ್ಲಿ ಬಂತು. ಕಾರ್ಯಕ್ರಮ ನಡೆದ ಊರಿಗೂ ನಡೆಯದ ಊರಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಅಂತ ಸಂಶೋಧಕರೇ ಬರೆದರು. ಅವರ ಪ್ರಾಮಾಣಿಕತೆ ನನಗೆ ದೊಡ್ಡದು ಅನ್ನಿಸುತ್ತದೆ. ಇಂಥ ಸುದ್ದಿಯೂ ಊರಿಗೆ ಬೇಕು. ಯಾವುದು ಕೆಲಸ ಮಾಡಲಿಲ್ಲ ಅಂತ ಗೊತ್ತಾದರೆ ಮುಂದಿನ ಸಲ ನಮ್ಮ ಸಂಘದವರು, ಶಾಲೆಯವರು, ತಾಯಿ ತಂದೆ ಬೇರೆ ದಾರಿ ಯೋಚಿಸಬಹುದು. ಒಳ್ಳೆಯ ಫಲಿತಾಂಶ ಬಂದರೆ ಮಾತ್ರ ಹೇಳಬೇಕು ಅಂದುಕೊಳ್ಳಬೇಡಿ.

ಈಗ ನನಗೆ ನೋವಾದ ವಿಷಯ. ನಮ್ಮ ಒಕ್ಕೂಟದ ಒಂದು ಊರಿಗೆ ಒಂದು ತಂಡ ಬಂತು. ಯಾವ ಕಾಲೇಜು ಅಂತ ಹೇಳುವುದಿಲ್ಲ. ಹೈಸ್ಕೂಲು ಹುಡುಗಿಯರ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದರು. ಹುಡುಗಿಯರು ಧೈರ್ಯದಿಂದ ಕೈ ಚಾಚಿದರು. ಸಂಖ್ಯೆ ಫಾರಂನಲ್ಲಿ ಬರೆದುಕೊಂಡು ಹೋದರು. ಒಬ್ಬ ಹುಡುಗಿಗೆ ರಕ್ತ ತೀರಾ ಕಡಿಮೆ ಇತ್ತು. ಆ ಸಂಖ್ಯೆ ತಂಡದ ಕಾಗದದಲ್ಲಿ ಇತ್ತು, ಅವಳ ಅವ್ವನಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ತಲೆ ಸುತ್ತಿ ಬಿದ್ದ ಮೇಲೆ ಆಶಾ ಅಕ್ಕ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳ ಅವ್ವ ನನ್ನ ಹತ್ತಿರ ಒಂದೇ ಮಾತು ಕೇಳಿದರು: "ಅವರಿಗೆ ಗೊತ್ತಿತ್ತಲ್ರೀ, ನಮಗ್ಯಾಕ ಹೇಳ್ಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತಂಡದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬಂದ ವಿದ್ಯಾರ್ಥಿಗಳು ಒಳ್ಳೆಯ ಮಕ್ಕಳು. ಆದರೆ ಯಾರಿಗೆ, ಯಾವಾಗ ಹೇಳಬೇಕು ಅಂತ ಮೊದಲೇ ಕೂತು ಮಾತಾಡಿಕೊಂಡಿರಲಿಲ್ಲ. ನಮ್ಮನ್ನು ಕರೆದಿದ್ದರೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಅದಾಗಿರುತ್ತಿತ್ತು.

ಇದೆಲ್ಲ ನಮ್ಮ ಆಸೆ ಮಾತ್ರ ಅಲ್ಲ, ನಿಮ್ಮ ನಿಯಮಗಳೂ ಇದನ್ನೇ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಸಮುದಾಯವನ್ನು ಸಂಶೋಧನೆಗೆ ಮೊದಲು, ನಡುವೆ, ಆಮೇಲೂ ಜೊತೆಗೆ ಇಟ್ಟುಕೊಳ್ಳಬೇಕು ಅಂತ ಇದೆ. ಸಂಶೋಧನೆಯ ಲಾಭ ಜನರಿಗೂ ಸಿಗಬೇಕು ಅಂತ ಇದೆ. ಎಥಿಕ್ಸ್ ಕಮಿಟಿಯಲ್ಲಿ ಅರ್ಧದಷ್ಟು ಸದಸ್ಯರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಅವರಲ್ಲಿ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಆ ಕುರ್ಚಿಗೆ ಊರಿನ ಗಣ್ಯರನ್ನೇ ಹುಡುಕಬೇಡಿ. ಸಂಘ ನಡೆಸುವ ಒಬ್ಬ ಹೆಣ್ಣುಮಗಳನ್ನು ಕೂರಿಸಿ. ಕಾಗದಗಳನ್ನು ಕನ್ನಡದಲ್ಲಿ ಕೊಡಿ. ಬಂದ ದಿನದ ಕೂಲಿ, ಬಸ್ಸಿನ ಖರ್ಚು ಕೊಡಿ. ಸಂಶೋಧನೆಗೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರ ತನ್ನ ನಾದಿನಿಗೆ ಅರ್ಥ ಆಗುತ್ತದೋ ಇಲ್ಲವೋ ಅಂತ ಅವಳು ನೇರವಾಗಿ ಹೇಳುತ್ತಾಳೆ.

ದೇಶದ ಕ್ಲಿನಿಕಲ್ ಪ್ರಯೋಗಗಳ, ಅಂದರೆ ಔಷಧಿ, ಚಿಕಿತ್ಸೆಗಳನ್ನು ಜನರಲ್ಲಿ ಪರೀಕ್ಷಿಸುವ ಅಧ್ಯಯನಗಳ ನೋಂದಣಿ ಪಟ್ಟಿ 2007ರಿಂದ ಇದೆ. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು ಅನ್ನುತ್ತೀರಿ. ಅದು ಇಂಗ್ಲಿಷಿನಲ್ಲಿದೆ. ಪ್ರತಿ ಅಧ್ಯಯನಕ್ಕೂ ಕನ್ನಡದಲ್ಲಿ ಒಂದು ಪುಟ ಬರೆದು ಗ್ರಾಮ ಪಂಚಾಯಿತಿ ಮತ್ತು ಅಂಗನವಾಡಿಯ ಗೋಡೆಗೆ ಹಚ್ಚಿ. ಯಾರು ಮಾಡುತ್ತಿದ್ದಾರೆ, ದುಡ್ಡು ಯಾರದು, ರಕ್ತ ಎಲ್ಲಿಗೆ ಹೋಗುತ್ತದೆ, ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಅಷ್ಟಿದ್ದರೆ ಸಾಕು.

ದುಡ್ಡಿನ ವಿಷಯ ಮಾತಾಡಲು ನಮ್ಮ ಹೆಣ್ಣುಮಕ್ಕಳು ಸಂಕೋಚ ಪಡುತ್ತಾರೆ. ನಾನು ಪಡುವುದಿಲ್ಲ. ಆಶಾ ಕಾರ್ಯಕರ್ತೆಗೆ ಸಂಬಳ ಇಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ನಿಮ್ಮ ಸಮೀಕ್ಷೆಗೆ ಒಂದು ದಿನ ಮನೆಮನೆ ತಿರುಗಿದರೆ ಅವಳ ಅಂದಿನ ಕೆಲಸ ಹಿಂದೆ ಬೀಳುತ್ತದೆ. ಸಂಘದ ಸದಸ್ಯೆ ಅರ್ಧ ದಿನ ನಿಮ್ಮ ಸಭೆಗೆ ಬಂದರೆ ಕೂಲಿ ಹೋಗುತ್ತದೆ. ಊಟ, ಶಾಲು, ಒಂದು ಫೋಟೋ ಇದಕ್ಕೆ ಸಮ ಆಗುವುದಿಲ್ಲ. ಅನುದಾನದ ಅರ್ಜಿಯಲ್ಲೇ ಸಂಘಕ್ಕೆ ಎಷ್ಟು, ಯಾವ ಕೆಲಸಕ್ಕೆ ಅಂತ ಬರೆಯಿರಿ. ನಮ್ಮ ಹತ್ತಿರ ಬ್ಯಾಂಕ್ ಖಾತೆ ಇದೆ, ನಗದು ಪುಸ್ತಕ ಇದೆ, ಠರಾವು ಪುಸ್ತಕ ಇದೆ, ವರ್ಷಕ್ಕೊಮ್ಮೆ ಆಡಿಟ್ ಇದೆ. ಲೆಕ್ಕ ಕೇಳಿ, ಕೊಡುತ್ತೇವೆ. ನಿಮ್ಮ ಲೆಕ್ಕವನ್ನೂ ನಾವು ಕೇಳುತ್ತೇವೆ. ಪಾಲುದಾರರು ಅಂದರೆ ಹಾಗೇ ಇರಬೇಕು.

ನಮ್ಮ ಕಡೆಯ ಕೊರತೆಯನ್ನೂ ಹೇಳಬೇಕು. ಸಂಘದ ಅಧ್ಯಕ್ಷೆಯ ಜೊತೆ ಮಾತಾಡಿದರೆ ಇಡೀ ಊರಿನ ಜೊತೆ ಮಾತಾಡಿದಂತೆ ಆಗುವುದಿಲ್ಲ. ಊರಲ್ಲಿ ಕೇರಿಗಳಿವೆ. ಗಟ್ಟಿಯಾಗಿ ಮಾತಾಡುವವರು ಮುಂದೆ ಕೂರುತ್ತಾರೆ. ಬಾಡಿಗೆ ಮನೆಯವರು, ಗುಳೆ ಹೋಗಿ ಬಂದವರು, ಗಂಡನನ್ನು ಕಳೆದುಕೊಂಡ ಸಣ್ಣ ವಯಸ್ಸಿನವರು ಬಾಗಿಲ ಹತ್ತಿರ ನಿಂತಿರುತ್ತಾರೆ. ಅವರ ಮನೆಗೆ ಹೋಗಿ ಮಾತಾಡಿ. ಒಪ್ಪಿಗೆ ಕೇಳುವಾಗ ಇದು ಇನ್ನೂ ಮುಖ್ಯ. ಅಧ್ಯಕ್ಷೆ ಪಕ್ಕದಲ್ಲಿ ನಿಂತು "ಸಹಿ ಮಾಡವ್ವಾ" ಅಂದರೆ ಸಾಲ ಬಾಕಿ ಇರುವ ಸದಸ್ಯೆ ಇಲ್ಲ ಅನ್ನುವುದು ಕಷ್ಟ. ಆಶಾ ಅಕ್ಕ ಫಾರಂ ಹಿಡಿದು ಕೂತರೂ ಹಾಗೇ. ನಾಳೆ ಗುಳಿಗೆಗೆ, ಆಸ್ಪತ್ರೆಗೆ ಅವಳ ಹತ್ತಿರವೇ ಹೋಗಬೇಕಲ್ಲ? ಆದ್ದರಿಂದ ಪರಿಚಯ ಮಾಡಿಸುವವರೆಗೆ ನಮ್ಮ ಕೆಲಸ. ಒಪ್ಪಿಗೆ ಕೇಳುವಾಗ ನಾವು ಅಲ್ಲಿ ಇರಬಾರದು. ಇದನ್ನು ನಮ್ಮ ಸಂಘಗಳವರಿಗೂ ಹೇಳುತ್ತಿದ್ದೇನೆ. ಕೆಲವರಿಗೆ ಬೇಸರ ಆಗಬಹುದು, ಆಗಲಿ.

ಫಲಿತಾಂಶವನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿ ಅಂತ ನಾವು ಎಂದೂ ಕೇಳುವುದಿಲ್ಲ. ಅಂಕಿಅಂಶ ಹಾಕುವ ವಿದ್ಯೆ ನಿಮ್ಮದು. ಆದರೆ ಪತ್ರಿಕೆಗೆ ಕಳಿಸುವ ಮೊದಲು ಒಮ್ಮೆ ನಮಗೆ ಓದಿ ಹೇಳಿ. ಒಂದು ಕೇರಿಯ ಹೆಸರು, ಒಂದು ಸಮುದಾಯದ ಹೆಸರು ರೋಗದ ಜೊತೆ ಅಚ್ಚಾದರೆ ಅಲ್ಲಿನ ಹುಡುಗಿಯರಿಗೆ ಸಂಬಂಧ ಬರುವುದು ನಿಲ್ಲಬಹುದು. ಎಚ್‌ಐವಿ ಕಾಲದಲ್ಲಿ ಈ ಜಿಲ್ಲೆ ಅಂಥ ಕೆಟ್ಟ ಹೆಸರನ್ನು ಹೊತ್ತಿದೆ. ಆ ಭಾರ ಹೊತ್ತವರು ಸಂಶೋಧಕರಲ್ಲ.

ಇದಕ್ಕೆಲ್ಲ ದೊಡ್ಡ ಅನುದಾನ ಬರುವವರೆಗೆ ಕಾಯಬೇಕಿಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಭೇಟಿ ಕೊಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿದೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇ, ಬೆಳಗಾವಿಯ ಕೆಎಲ್‌ಇ ಮತ್ತು ಬಿಮ್ಸ್, ಎಲ್ಲ ಕಡೆಯ ಮಕ್ಕಳೂ ಹಳ್ಳಿಗೆ ಬರಲೇಬೇಕು. ಆ ಭೇಟಿಗಳನ್ನೇ ಸಂಘದ ಸಭೆಗಳ ಜೊತೆ ಜೋಡಿಸಿ. ಸಮುದಾಯ ವೈದ್ಯಕೀಯ ವಿಭಾಗದ ಎಂಡಿ ವಿದ್ಯಾರ್ಥಿ ಪ್ರಬಂಧದ ವಿಷಯ ಆರಿಸುವ ಮೊದಲು ಎರಡು ಸಭೆಯಲ್ಲಿ ಸುಮ್ನೆ ಕೂತು ಕೇಳಲಿ. ಪ್ರಬಂಧ ಮುಗಿದ ಮೇಲೆ ಊರಿಗೆ ಬಂದು ಅರ್ಧ ಗಂಟೆ ಕನ್ನಡದಲ್ಲಿ ಹೇಳಲಿ. ಇದನ್ನು ವಿಭಾಗದ ಮುಖ್ಯಸ್ಥರು ನಾಳೆಯಿಂದಲೇ ಕಡ್ಡಾಯ ಮಾಡಬಹುದು. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗಗಳವರೂ ಜೊತೆ ಸೇರಿದರೆ ಡಾಕ್ಟರರಿಗೂ ನಮಗೂ ನಡುವೆ ಮಾತು ಸಲೀಸಾಗುತ್ತದೆ.

ನಮ್ಮ ಒಕ್ಕೂಟದ ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಇದನ್ನೇ ಇಡುತ್ತಿದ್ದೇವೆ. ಕಬ್ಬು ಕಡಿಯಲು ಹೋಗುವ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಏನು ಕೇಳಬೇಕು ಅನ್ನುವುದನ್ನು ಮೊದಲು ಅವರೇ ಹೇಳಲಿ ಅಂತ ತೀರ್ಮಾನ ಆಗಿದೆ. ಫ್ಯಾಕ್ಟರಿಗಳು ನುರಿಸಲು ಶುರುಮಾಡಿದ ಮೇಲೆ ಅವರು ಊರಲ್ಲಿ ಸಿಗುವುದಿಲ್ಲ. ಅದಕ್ಕಾಗಿ ದಸರೆಗೆ ಮುಂಚೆಯೇ ಬನ್ನಿ. ಸಂಜೆ ಬನ್ನಿ, ಹಗಲು ಎಲ್ಲರೂ ಹೊಲದಲ್ಲಿ ಇರುತ್ತಾರೆ. ಹಿರಿಯ ಪ್ರೊಫೆಸರರೂ ಬರಲಿ, ಫಾರಂ ತುಂಬುವ ವಿದ್ಯಾರ್ಥಿಯೂ ಬರಲಿ. ಒಬ್ಬ ಲೇಡಿ ಡಾಕ್ಟರ್ ಇದ್ದರೆ ಇನ್ನೂ ಒಳ್ಳೆಯದು, ಕೆಲವು ಮಾತು ಗಂಡಸರ ಮುಂದೆ ಬರುವುದಿಲ್ಲ. ಮೊದಲ ಸಭೆಗೆ ಪ್ರಶ್ನಾವಳಿ ತರಬೇಡಿ. ಬರುವ ದಿನವನ್ನು ಒಂದು ವಾರ ಮೊದಲು ತಿಳಿಸಿದರೆ ತಾಂಡಾದವರಿಗೂ, ಹೊಲದ ಮನೆಗಳಲ್ಲಿ ಇರುವವರಿಗೂ ಸುದ್ದಿ ಮುಟ್ಟಿಸುತ್ತೇವೆ.

ನಿಮ್ಮ ವಿಶ್ವಾಸಿ,
ಮಹಿಳಾ ಒಕ್ಕೂಟದ ಒಬ್ಬ ಕಾರ್ಯಕರ್ತೆ
ಬಾಗಲಕೋಟೆ ಜಿಲ್ಲೆ